ಚೀನಾದಲ್ಲಿ ಬಾಸೆಲ್ ಮಿಷನ್ನಿನ ಕಲಿಕೆಯ ವರ್ಷಗಳು (1847–1854)

ಬಾಸೆಲ್ ಮಿಷನ್ ಎಂದೊಡನೆ ಕನ್ನಡ ಕ್ರೈಸ್ತರಿಗೆ 1834ರಲ್ಲಿ ಮಂಗಳೂರಿಗೆ ಬಂದ ಹೆಬಿಕ್ ಮತ್ತು ಅವರ ಸಂಗಡಿಗರು, ಅವರ ಹಿಂದೆಯೇ ಬಂದ ಮೋಗ್ಲಿಂಗ್ ನೆನಪಾಗುತ್ತಾರೆ. ಅದೇ ಸಂಸ್ಥೆಯು ಹದಿಮೂರು ವರ್ಷಗಳ ತರುವಾಯ ಇಬ್ಬರು ತರುಣರನ್ನು ಚೀನಾಕ್ಕೆ ಕಳುಹಿಸಿದ ಸಂಗತಿ ನಮ್ಮ ಸಭೆಗಳಲ್ಲಿ ಅಷ್ಟಾಗಿ ಪರಿಚಿತವಲ್ಲ. 1847ರ ಮಾರ್ಚ್ ತಿಂಗಳಲ್ಲಿ ಹಾಂಗ್‌ಕಾಂಗಿನಲ್ಲಿ ಇಳಿದ ಈ ಇಬ್ಬರಲ್ಲಿ ಥಿಯೊಡೊರ್ ಹಾಂಬರ್ಗ್ ಸ್ವೀಡನ್ನಿನವನು. ರುಡೊಲ್ಫ್ ಲೆಖ್ಲರ್ ಮೋಗ್ಲಿಂಗನಂತೆಯೇ ವುರ್ಟೆಂಬರ್ಗಿನವನು, ಆಗಿನ್ನೂ 22 ವರ್ಷದವನು. ಅವರಿಗೆ ನಡೆಸಲು ಠಾಣ್ಯವಿರಲಿಲ್ಲ, ಕಾಯಲು ಸಭೆಯಿರಲಿಲ್ಲ. ಕಾರ್ಲ್ ಗುಟ್ಸ್‌ಲಾಫ್ ಎಂಬ ಹಿರಿಯ ಮಿಷನರಿಯ ಕೈಕೆಳಗೆ ಕಲಿಯುವ ಉಮೇದುವಾರರಾಗಿ ಅವರು ಬಂದಿದ್ದರು.

ಗುಟ್ಸ್‌ಲಾಫನ ಹೆಸರು ಆಗ ಯೂರೋಪಿನಲ್ಲೆಲ್ಲ ಹಬ್ಬಿತ್ತು. 1830ರ ದಶಕದಲ್ಲಿ ಅವನು ಚೀನೀ ಉಡುಪಿನಲ್ಲಿ ಆ ದೇಶದ ಕರಾವಳಿಯುದ್ದಕ್ಕೂ ಸಂಚರಿಸಿ ಬರೆದ ಪ್ರವಾಸಕಥನಗಳನ್ನು ಜನರು ಆಸೆಯಿಂದ ಓದಿದ್ದರು. ಆ ಸಂಚಾರಗಳಲ್ಲಿ ಕೆಲವನ್ನು ಅವನು ಅಫೀಮು ವ್ಯಾಪಾರಿಗಳ ಹಡಗುಗಳಲ್ಲಿ ದುಭಾಷಿಯಾಗಿ ಮಾಡಿದನೆಂಬುದನ್ನು ಇತಿಹಾಸಕಾರನು ಮರೆಮಾಚಲಾಗದು. ಒಂದು ಕೈಯಿಂದ ಸುವಾರ್ತೆಯ ಪುಸ್ತಕಗಳು ಇಳಿಯುತ್ತಿದ್ದ ತೀರದಲ್ಲೇ ಇನ್ನೊಂದು ಕೈಯಿಂದ ಅಫೀಮಿನ ಪೆಟ್ಟಿಗೆಗಳೂ ಇಳಿದವು. 1844ರಲ್ಲಿ ಅವನು 'ಚೀನೀ ಸಂಘ'ವನ್ನು ಸ್ಥಾಪಿಸಿದನು. ಚೀನಾದ ಸುವಾರ್ತಾಸೇವೆ ಚೀನೀಯರಿಂದಲೇ ನಡೆಯಬೇಕೆಂಬುದು ಅವನ ತತ್ತ್ವ. ತತ್ತ್ವದಲ್ಲಿ ದೋಷವಿರಲಿಲ್ಲ; ಅವನ ಕಾಲದ ಬಹುಮಂದಿಗೆ ಹೊಳೆಯದ ಮಾತನ್ನು ಅವನು ಕಂಡಿದ್ದನು.

1842ರ ನಾನ್‌ಕಿಂಗ್ ಒಪ್ಪಂದವು ವಿದೇಶೀಯರಿಗೆ ತೆರೆದದ್ದು ಐದು ರೇವುಗಳನ್ನು ಮಾತ್ರ. ಒಳನಾಡಿಗೆ ಹೋಗುವವನು ಕಾನೂನನ್ನು ಮೀರಿಯೇ ಹೋಗಬೇಕಿತ್ತು. ಗುಟ್ಸ್‌ಲಾಫ್ ತನ್ನ ಶಿಷ್ಯರಿಗೆ ಚೀನೀ ಹೆಸರು, ಚೀನೀ ಉಡುಪುಗಳನ್ನು ಕೊಟ್ಟು, ಚೀನೀಯರ ನಡುವೆ, ಅವರ ಊಟವನ್ನೇ ಉಂಡು ಬದುಕಬೇಕೆಂದು ವಿಧಿಸಿದನು. ಹಾಂಬರ್ಗನನ್ನು ಹಕ್ಕಾ ಜನರಿಗೂ ಲೆಖ್ಲರನನ್ನು ಹೊಕ್ಲೋ ಜನರಿಗೂ ಗೊತ್ತುಮಾಡಿದನು. ಹಕ್ಕಾ ಎಂದರೆ 'ಅತಿಥಿ ಮನೆತನದವರು'. ಶತಮಾನಗಳ ಹಿಂದೆ ಉತ್ತರದಿಂದ ವಲಸೆ ಬಂದು, ಒಳ್ಳೆಯ ಬಯಲುಗಳೆಲ್ಲ ಇತರರ ಪಾಲಾಗಿದ್ದರಿಂದ ಗುಡ್ಡಗಾಡಿನ ನೆಲವನ್ನು ಉತ್ತು ಬದುಕಿದವರು. ಅವರ ಹೆಂಗಸರು ಪಾದ ಕಟ್ಟಿಕೊಳ್ಳದೆ ಗಂಡಸರ ಸಮಕ್ಕೆ ಗದ್ದೆಯಲ್ಲಿ ದುಡಿಯುತ್ತಿದ್ದರು. ಅವರ ನುಡಿಯಲ್ಲಿ ಆರು ಸ್ವರಭೇದಗಳಿವೆ. ಒಂದೇ ಉಚ್ಚಾರಕ್ಕೆ ಧ್ವನಿಯ ಏರಿಳಿತ ಬದಲಾದರೆ ಅರ್ಥವೇ ಬದಲಾಗುತ್ತದೆ. ಉಡುಪನ್ನು ಒಂದು ದಿನದಲ್ಲಿ ತೊಡಬಹುದು. ಕಿವಿ ಪಳಗಲು ವರ್ಷಗಳು ಬೇಕು. ಬೋಧಿಸಲೆಂದು ಬಂದ ಹಾಂಬರ್ಗ್ ತನ್ನ ಚೀನೀ ಸಹಾಯಕರ ಎದುರು ಬಾಲಕನಂತೆ ಕುಳಿತು ಪದಪದವನ್ನೂ ಕೇಳಿ ಬರೆದುಕೊಂಡನು. ಹಕ್ಕಾ ನಿಘಂಟಿನ ಮೊದಲ ಹಸ್ತಪ್ರತಿ ಹುಟ್ಟಿದ್ದು ಹೀಗೆ.

ಆ ಪಳಗಿದ ಕಿವಿಯೇ ಗುರುವಿನ ಕಟ್ಟಡವನ್ನು ಅಲುಗಿಸಿತು. ಗುಟ್ಸ್‌ಲಾಫ್ 1849ರ ಕೊನೆಯಲ್ಲಿ ಯೂರೋಪಿಗೆ ಹೊರಟು, ಸಭೆಯಿಂದ ಸಭೆಗೆ ಹೋಗಿ ಸಂಘದ ವಿಜಯಗಳನ್ನು ಸಾರುತ್ತಿದ್ದಾಗ, ಸಂಘದ ಮೇಲ್ವಿಚಾರಣೆ ಹಾಂಬರ್ಗನ ಪಾಲಿಗೆ ಬಂದಿತು. ವಿಚಾರಣೆ ನಡೆಯಿತು. ದೂರದ ಪ್ರಾಂತಗಳಲ್ಲಿ ಬೋಧಿಸಿ ಬಂದೆವೆಂದು ವರದಿ ಒಪ್ಪಿಸಿದ್ದ ಅನೇಕ ಉಪದೇಶಿಗಳು ಹಾಂಗ್‌ಕಾಂಗಿನ ಸುತ್ತಮುತ್ತಲನ್ನು ಬಿಟ್ಟೇ ಹೋಗಿರಲಿಲ್ಲ. ಹಂಚಲೆಂದು ಕೊಟ್ಟ ಪುಸ್ತಕಗಳನ್ನು ಅವರು ಮುದ್ರಕನಿಗೇ ಮಾರುತ್ತಿದ್ದರು. ಮುದ್ರಕನು ಅವನ್ನೇ ಮತ್ತೆ ಗುಟ್ಸ್‌ಲಾಫನಿಗೆ ಮಾರುತ್ತಿದ್ದನು. ಹಲವರು ಅಫೀಮಿನ ದಾಸರು.

ಶಿಷ್ಯನಾದವನಿಗೆ ಇದು ಎಷ್ಟು ಕಠಿಣವಾದ ಘಳಿಗೆ ಎಂಬುದನ್ನು ನಾವು ಊಹಿಸಬಹುದು. ತನ್ನನ್ನು ಕರೆಸಿಕೊಂಡು ಕಲಿಸಿದವನ ಲೆಕ್ಕ ಸುಳ್ಳೆಂದು, ಅವನು ಊರಲ್ಲಿಲ್ಲದಾಗ ಹೇಳಬೇಕಾಗಿ ಬಂದಿತು. ಹಾಂಬರ್ಗ್ ಹೇಳಿದನು. ಗುಟ್ಸ್‌ಲಾಫ್ 1851ರಲ್ಲಿ ಹಿಂದಿರುಗಿ, ಅದೇ ಆಗಸ್ಟಿನಲ್ಲಿ ತೀರಿಕೊಂಡನು. ಈ ಪ್ರಕರಣವನ್ನು ಚೀನೀಯರ ವಂಚನೆಯ ಕಥೆಯೆಂದು ಮಾತ್ರ ಓದುವುದು ಅನ್ಯಾಯವೆಂದು ನನ್ನ ಎಣಿಕೆ. ದೊಡ್ಡ ಸಂಖ್ಯೆಗಳನ್ನು ಬಯಸಿದ್ದು ಯೂರೋಪಿನ ದಾನಿಗಳು. ಬಡವರಿಗೆ ವರದಿಯ ಮೇಲೆ ಹಣ ಕೊಟ್ಟದ್ದು ಮಿಷನರಿ. ಅದೂ ಅಲ್ಲದೆ, ಸಂಘದ ಅವಶೇಷದಿಂದಲೇ ಪ್ರಾಮಾಣಿಕರೂ ಹೊರಬಂದರು. ಅವರಲ್ಲೊಬ್ಬನಾದ ಜಾಂಗ್ ಫೂಷಿಂಗ್ ತನ್ನ ಹುಟ್ಟೂರಾದ ವೂಹುವಾ ಪ್ರದೇಶಕ್ಕೆ ಮರಳಿ, ಯಾವ ಯೂರೋಪಿಯನ್ನನ ಜೊತೆಯೂ ಇಲ್ಲದೆ ಅಲ್ಲಿ ಹಕ್ಕಾ ಸಭೆಯನ್ನು ಕಟ್ಟಿದನು. ಗುಟ್ಸ್‌ಲಾಫನ ತತ್ತ್ವವನ್ನು ಸತ್ಯವೆಂದು ತೋರಿಸಿದವನು ಅವನೇ.

ಲೆಖ್ಲರನನ್ನು ಅಧಿಕಾರಿಗಳು 1852ರಲ್ಲಿ ಹೊಕ್ಲೋ ಸೀಮೆಯಿಂದ ಹೊರಹಾಕಿದರು. ಅವನೂ ಹಕ್ಕಾ ಕೆಲಸಕ್ಕೆ ಸೇರಿದನು. ಅದೇ ವರ್ಷ ಹಾಂಬರ್ಗನ ಬಳಿಗೆ ಹಾಂಗ್ ರೆನ್‌ಗಾನ್ ಎಂಬ ಹಕ್ಕಾ ತರುಣನು ಬಂದನು. ದಂಗೆಯೆದ್ದು ದಕ್ಷಿಣ ಚೀನಾವನ್ನು ನಡುಗಿಸುತ್ತಿದ್ದ ತೈಪಿಂಗ್ ಪಂಥದ ನಾಯಕ ಹಾಂಗ್ ಷಿಯುಚ್ವಾನ್ ಇವನ ಬಂಧು. ಸರ್ಕಾರಿ ಪರೀಕ್ಷೆಗಳಲ್ಲಿ ಸೋತ ಆ ನಾಯಕನು 1837ರಲ್ಲಿ ಕಾಯಿಲೆ ಬಿದ್ದಾಗ ದರ್ಶನಗಳನ್ನು ಕಂಡು, 1843ರಲ್ಲಿ ಲಿಯಾಂಗ್ ಫಾ ಎಂಬ ಚೀನೀ ಸುವಾರ್ತಿಕನ ಪುಸ್ತಿಕೆಗಳಲ್ಲಿ ಅವಕ್ಕೆ ಅರ್ಥ ಹುಡುಕಿದ್ದನು. ರೆನ್‌ಗಾನ್ ಇದೆಲ್ಲವನ್ನೂ ತಿಳಿಸಿ, ಬರೆದೂ ಕೊಟ್ಟನು. ಹಾಂಬರ್ಗ್ ಅವನಿಗೆ ಮುಂದೆ ದೀಕ್ಷಾಸ್ನಾನ ಕೊಟ್ಟನು; ಅವನ ವೃತ್ತಾಂತವನ್ನು 1854ರಲ್ಲಿ ಹಾಂಗ್‌ಕಾಂಗಿನಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿದನು. ಪುಸ್ತಕದ ಹಣ ರೆನ್‌ಗಾನ್ ಮತ್ತು ಅವನ ಸಂಗಡಿಗರಿಗೆ ನೆರವಾಗಲೆಂಬ ಉದ್ದೇಶವೂ ಇತ್ತು. ತೈಪಿಂಗ್ ಚಳವಳಿಯ ಆರಂಭವನ್ನು ಅರಿಯಲು ವಿದ್ವಾಂಸರು ಇಂದಿಗೂ ಆಶ್ರಯಿಸುವ ಗ್ರಂಥ ಅದು. ಆ ದರ್ಶನಗಳ ದೈವಜ್ಞಾನವನ್ನು ಒಪ್ಪದವನೂ ಅಡ್ಡಮಾತಿಲ್ಲದೆ ಕೇಳಿಸಿಕೊಂಡದ್ದರಿಂದ ಅದು ಉಳಿಯಿತು.

ಅದೇ ವರ್ಷ ಮೇ ತಿಂಗಳಲ್ಲಿ ಹಾಂಬರ್ಗ್ ಆಮಶಂಕೆಯಿಂದ ತೀರಿಕೊಂಡನು. ಆಗ ಅವನಿಗೆ 35 ವರ್ಷ. ಲೆಖ್ಲರ್ 1899ರ ತನಕ ಚೀನಾದ ಸೇವೆಯಲ್ಲಿದ್ದನು. ಅವನು ಹಕ್ಕಾ ಆಡುನುಡಿಗೆ ತಂದ ಮತ್ತಾಯನ ಸುವಾರ್ತೆ 1860ರಲ್ಲಿ ಬರ್ಲಿನ್ನಿನಲ್ಲಿ ರೋಮನ್ ಲಿಪಿಯಲ್ಲಿ ಅಚ್ಚಾಯಿತು. ಹಾಂಬರ್ಗ್ ಆರಂಭಿಸಿದ ನಿಘಂಟು ಬಾಸೆಲಿನವರ ಕೈಯಲ್ಲಿ ಬೆಳೆಯುತ್ತಾ ಹೋಗಿ, 1905ರಲ್ಲಿ ಪ್ರಕಟವಾದ ಮೆಕೈವರನ ಹಕ್ಕಾ ನಿಘಂಟಿಗೆ ತಳಹದಿಯಾಯಿತು.