ಒಂದೇ ಕೊಯ್ತ, ಎರಡು ಮೇಜು

1898ರ ಪ್ಲೇಗಿನ ತರುವಾಯ ಬೆಳೆದ ಬಸವನಗುಡಿಯ ಹಳೆಯ ಮನೆಗಳಲ್ಲಿ ಬೀಟೆಮರದ ಬರೆಯುವ ಮೇಜನ್ನು ನೀವು ನೋಡಿಯೇ ಇರುತ್ತೀರಿ. ಅದಕ್ಕೆ ಫ್ರಾನ್ಸಿನಲ್ಲೊಬ್ಬ ಶ್ರೀಮಂತ ಬಂಧುವಿದ್ದಾನೆ: ಮೈತುಂಬ ಹಿತ್ತಾಳೆಯ ಬಳ್ಳಿ ಕೂರಿಸಿದ ಮೇಜು.

ಆಂದ್ರೆ ಷಾರ್ಲ್ ಬೂಲ್ (1642–1732) ಎಂಬ ಬಡಗಿಯನ್ನು 14ನೆಯ ಲೂಯಿ ದೊರೆ 1672ರಲ್ಲಿ ಆಸ್ಥಾನಕ್ಕೆ ನೇಮಿಸಿ, ಲೂವ್ರ್ ಅರಮನೆಯಲ್ಲಿಯೇ ಬಿಡಾರ ಕೊಟ್ಟನು. ಈ ಕಸುಬು ಬೂಲನಿಗೂ ಹಿಂದಿನದು. ಅದನ್ನು ಪರಾಕಾಷ್ಠೆಗೆ ಒಯ್ದವನು ಅವನು. ಹಿತ್ತಾಳೆಯ ತಗಡು, ಆಮೆಚಿಪ್ಪಿನ ತೆಳುಹಾಳೆ ಎರಡನ್ನೂ ಒಂದರ ಮೇಲೊಂದು ಅಂಟಿಸಿ, ಮೇಲೆ ಬಳ್ಳಿಯ ನಕ್ಷೆಯಿಟ್ಟು, ಬಲು ಸಣ್ಣ ಗರಗಸದಿಂದ ಒಟ್ಟಿಗೆ ಕೊಯ್ಯುತ್ತಿದ್ದರು. ಬಿಡಿಸಿದಾಗ ಹಿತ್ತಾಳೆಯ ಬಳ್ಳಿ ಚಿಪ್ಪಿನ ಕಂಡಿಯಲ್ಲಿ ಸರಿಯಾಗಿ ಕೂರುವುದು. ಚಿಪ್ಪಿನ ಬಳ್ಳಿ ಹಿತ್ತಾಳೆಯ ಕಂಡಿಯಲ್ಲಿ. ಹೀಗೆ ಕಂದುಗಪ್ಪಿನ ಮೇಲೆ ಹೊನ್ನಿನ ಬಳ್ಳಿಯ ಮೇಜೊಂದು, ಹೊನ್ನಿನ ಮೇಲೆ ಕಪ್ಪು ಬಳ್ಳಿಯ ಜೋಡಿ ಮೇಜು ಇನ್ನೊಂದು. ನಮ್ಮ ಅಕ್ಕಸಾಲಿಗರೂ ಮೆಚ್ಚುವಂಥ ಜಿಪುಣತನ!

ಆದರೆ ಮರ ತೇವಕ್ಕೆ ಉಬ್ಬುತ್ತದೆ, ಒಣ ಹವೆಗೆ ಕುಗ್ಗುತ್ತದೆ. ಹಿತ್ತಾಳೆಗೆ ತೇವದ ಹಂಗಿಲ್ಲ. ಅದು ಹಿಗ್ಗುವುದು ಶಾಖಕ್ಕೆ. ಇವೆರಡರ ಜಗಳದಲ್ಲಿ ಸೋಲುವುದು ನಡುವಣ ಅಂಟು. ಬಳ್ಳಿಯ ತುದಿ ಮೇಲೆದ್ದು ಒರೆಸುವ ಬಟ್ಟೆಗೆ ಸಿಕ್ಕಿ ಮುರಿಯುತ್ತದೆ. ಹಬ್ಬ ಬಂತೆಂದರೆ ಹಿತ್ತಾಳೆ ಕಂಡಲ್ಲೆಲ್ಲ ಹುಣಸೆಹಣ್ಣು ಹಚ್ಚುವವರು ನಾವು. ಹಿತ್ತಾಳೆ ಕೂರಿಸಿದ ಪೆಟ್ಟಿಗೆಯೋ ಮೇಜೋ ನಿಮ್ಮಲ್ಲಿದ್ದರೆ ಅದೊಂದನ್ನು ಬಿಟ್ಟುಬಿಡಿ. ಮೆತ್ತನೆಯ ಒಣಬಟ್ಟೆ ಸಾಕು.

ಬೂಲ್ ತೀರಿಕೊಂಡ 56 ವರ್ಷಗಳ ಮೇಲೆ ಮೈಸೂರಿನವರೂ ಆ ಆಸ್ಥಾನವನ್ನು ಕಂಡರು. ಟಿಪ್ಪು ಸುಲ್ತಾನನ ರಾಯಭಾರಿಗಳನ್ನು 1788ರ ಆಗಸ್ಟ್ 10ರಂದು ವರ್ಸೇಲ್ಸಿನಲ್ಲಿ 16ನೆಯ ಲೂಯಿ ಬರಮಾಡಿಕೊಂಡನು. ಸುಲ್ತಾನನು ಸೈನ್ಯದ ನೆರವಿನೊಡನೆ ಕಸುಬುದಾರರನ್ನೂ ಕೇಳಿದ್ದನು. ಸೈನ್ಯ ಬರಲಿಲ್ಲ, ಕೆಲವರು ಕಸುಬುದಾರರು ಬಂದರು.

ಮೈಸೂರಿನ ಇನ್‌ಲೇ ಕೆಲಸದ ರೀತಿಯಾದರೋ ಬೇರೆ. ಬೀಟೆಯ ಹಲಗೆಯಲ್ಲಿ ತಗ್ಗು ಕೆತ್ತಿ, ಕತ್ತರಿಸಿದ ತುಂಡನ್ನು ಅದರಲ್ಲಿ ಕೂರಿಸುವುದು. 1897ರಲ್ಲಿ ಹಳೆಯ ಅರಮನೆ ಬೆಂದು, 1912ರ ಹೊತ್ತಿಗೆ ಹೊಸದು ಮುಗಿಯಿತಷ್ಟೆ. ಅಲ್ಲಿನ ಅಂಬಾವಿಲಾಸದ ಬೀಟೆ ಬಾಗಿಲಿನಲ್ಲಿ ದಂತ ಕೂರಿಸಿದ ಈ ಕೆಲಸವನ್ನು ನೋಡಬಹುದು. ದಂತದ ಅಂತರರಾಷ್ಟ್ರೀಯ ವ್ಯಾಪಾರಕ್ಕೆ 1989ರಲ್ಲಿ ನಿಷೇಧ ಬಂದಿತು. ಆಮೆಚಿಪ್ಪಿಗೂ ಅದೇ ಗತಿಯಾಗಿದೆ. ಆಮೆಗೂ ಆನೆಗೂ ಅದರಿಂದ ಒಳಿತೇ ಆಯಿತೆನ್ನಿ.

ಪ್ಯಾರಿಸಿನ ಕೆಲಸಕ್ಕೆ ಒಬ್ಬ ಬಡಗಿಯ ಹೆಸರು ನಿಂತಿತು. ಅವನು ಮುಟ್ಟದ ಮೇಜನ್ನೂ ಬೂಲ್ ಕೆಲಸವೆಂದೇ ಕರೆಯುತ್ತಾರೆ. ನಮ್ಮದಕ್ಕೆ ನಿಂತದ್ದು ಊರಿನ ಹೆಸರು. ಮೈಸೂರಿನ ಕಸುಬುದಾರರು ಈಗ ದಂತದ ಬದಲು ಬಣ್ಣಬಣ್ಣದ ಮರದ ತುಂಡುಗಳನ್ನು ಕೂರಿಸುತ್ತಾರೆ. ಅವುಗಳಲ್ಲಿ ಹಳದಿಯನ್ನು ಕೊಡುವುದು ನಮ್ಮ ಹಲಸಿನ ಮರ.