ಜೋಗಿಮಟ್ಟಿಯ ರೆಕ್ಕೆ, ಮೂಲ್ಕಿಯ ಫಿನ್

ಚಿತ್ರದುರ್ಗದವರಿಗೆ ಗಾಳಿಯಂತ್ರ ಹೊಸದಲ್ಲ. ಜೋಗಿಮಟ್ಟಿ ಸಾಲಿನಿಂದ ಹಿಡಿದು ಹೊಳಲ್ಕೆರೆ, ಹೊಸದುರ್ಗ, ಹಿರಿಯೂರು ಕಡೆಯ ಗುಡ್ಡಗಳವರೆಗೆ ಅವು ತಿರುಗುತ್ತಲೇ ಇರುತ್ತವೆ. ಒಂದೇ ಒಂದು ರೆಕ್ಕೆ ಹೊತ್ತ ಉದ್ದನೆಯ ಟ್ರೇಲರ್ ಲಾರಿ ತಿರುವಿನಲ್ಲಿ ಸಿಕ್ಕಿಕೊಂಡರೆ ಹಿಂದಿನ ಬಸ್ಸಿನವರು ಇಳಿದು ನೋಡುವುದೂ ಉಂಟು. ಆ ರೆಕ್ಕೆಯನ್ನು ಅಡ್ಡಕ್ಕೆ ಕೊಯ್ದರೆ ಕಾಣುವ ಆಕಾರ ಇಷ್ಟು: ಮುಂದಿನ ಅಂಚು ದುಂಡಗೆ, ಅದರ ಹಿಂದೆ ತುಸು ಉಬ್ಬಿದ ಹೊಟ್ಟೆ, ಅಲ್ಲಿಂದ ತೆಳುವಾಗುತ್ತ ಹೋಗಿ ಚೂಪಾದ ಹಿಂದಂಚು. ಅಂಗೈ ಅಗಲಕ್ಕೆ ಇಳಿಸಿದ ಇದೇ ಆಕಾರ ಕಡಲಲ್ಲಿ ಸರ್ಫಿಂಗ್ ಬೋರ್ಡಿನ ತಳಕ್ಕೆ, ಬಾಲದ ಹತ್ತಿರ ಅಂಟಿಕೊಂಡಿರುತ್ತದೆ. ಅದೇ ಫಿನ್. ಎರಡಕ್ಕೂ ಮುಖ್ಯ ಸಾಮಾನು ಗಾಜಿನ ನಾರಿನ ಬಟ್ಟೆ ಮತ್ತು ಅದನ್ನು ಗಟ್ಟಿ ಮಾಡುವ ಅಂಟುದ್ರವ, ರೆಸಿನ್. ಎರಡರ ಬಾಲ್ಯವೂ ಕಳೆದದ್ದು ಹಿತ್ತಲಿನ ಶೆಡ್ಡುಗಳಲ್ಲಿ. ಗಾಳಿಯ ರೆಕ್ಕೆ ಕಾರ್ಖಾನೆ ಸೇರಿತು, ಫಿನ್ ಮಾತ್ರ ಹಿತ್ತಲನ್ನು ಪೂರ್ತಿ ಬಿಟ್ಟು ಹೋಗಿಲ್ಲ.

ಫಿನ್ ಇಲ್ಲದ ಬೋರ್ಡ್ ಅಲೆಯ ಇಳಿಜಾರಿನಲ್ಲಿ ಅಡ್ಡಡ್ಡ ಜಾರುತ್ತದೆ. ಹವಾಯಿಯವರು ಶತಮಾನಗಳ ಕಾಲ ಹಾಗೆಯೇ ಸವಾರಿ ಮಾಡಿದರು, ಕಾಲನ್ನು ನೀರಿಗಿಳಿಸಿ ದಿಕ್ಕು ತಿದ್ದಿಕೊಂಡರು. ಟೊಳ್ಳು ಬೋರ್ಡಿಗೆ 1932ರಲ್ಲಿ ಪೇಟೆಂಟ್ ಪಡೆದಿದ್ದ ಟಾಮ್ ಬ್ಲೇಕ್, 1935ರಲ್ಲಿ ವೈಕಿಕಿಯಲ್ಲಿ ಬಿಸಾಡಿದ್ದ ಸ್ಪೀಡ್‌ಬೋಟ್ ಒಂದರ ಲೋಹದ ಅಡಿಪಟ್ಟಿಯನ್ನು ಕಿತ್ತು ತನ್ನ ಬೋರ್ಡಿನ ತಳಕ್ಕೆ ಕೂರಿಸಿದ. ಫಿನ್ನಿನ ಚರಿತ್ರೆ ಶುರುವಾಗುವುದೇ ಹೀಗೆ, ಗುಜರಿಯಿಂದ. ಎಲ್ಲರೂ ಒಮ್ಮೆಗೇ ಒಪ್ಪಲಿಲ್ಲ. ಎರಡು ವರ್ಷದ ನಂತರವೂ ಹವಾಯಿಯ ಕೆಲವು ಹುಡುಗರು ಫಿನ್ನಿನ ಗೊಡವೆಯೇ ಬೇಡವೆಂದು ಬೋರ್ಡಿನ ಬಾಲವನ್ನೇ ಕಿರಿದಾಗಿ ಕೆತ್ತಿ ತಳವನ್ನು ಚೂಪು ಮಾಡಿ ನೋಡಿದರು. ಆ ದಾರಿ ಚೆನ್ನಾಗಿಯೇ ಇತ್ತು, ಆದರೆ ಉಳಿಯಲಿಲ್ಲ.

ಎರಡನೆಯ ಮಹಾಯುದ್ಧ ಮುಗಿದ ಮೇಲೆ ಗಾಜಿನ ನಾರು ಮತ್ತು ರೆಸಿನ್ ಸಾಮಾನ್ಯರ ಕೈಗೆ ಸಿಕ್ಕವು. ಕ್ಯಾಲಿಫೋರ್ನಿಯಾದ ಬಾಬ್ ಸಿಮನ್ಸ್ ದೋಣಿತಳದ ಲೆಕ್ಕಾಚಾರಗಳನ್ನು ಓದಿಕೊಂಡು 1940ರ ದಶಕದ ಕೊನೆಗೇ ಎರಡು ಫಿನ್ನಿನ ಬೋರ್ಡ್ ಮಾಡಿದ. ಅದರ ಬೆಲೆ ಬೇರೆಯವರಿಗೆ ತಿಳಿಯಲು ಕಾಲು ಶತಮಾನ ಬೇಕಾಯಿತು.

ಗಾಜಿನ ನಾರು ಬಂದಾಗ ಹುಟ್ಟಿದ, ಮನೆಯಲ್ಲೇ ಫಿನ್ ಮಾಡುವ ಕ್ರಮ ಇವತ್ತಿಗೂ ಹೆಚ್ಚು ಬದಲಾಗಿಲ್ಲ. ಮೇಣ ಸವರಿದ ಗಾಜಿನ ಹಲಗೆಯ ಮೇಲೆ ಬಟ್ಟೆಯ ಪದರ, ರೆಸಿನ್, ಮತ್ತೆ ಬಟ್ಟೆ. ಹೀಗೆ 30–40 ಪದರ ಏರಿದರೆ ಒಂದು ಸೆಂಟಿಮೀಟರಿಗೆ ಸಮೀಪದ ಗಟ್ಟಿ ಹಾಳೆ. ಎಲ್ಲವನ್ನೂ ಒಂದೇ ಸಲಕ್ಕೆ ಹಾಕಿದರೆ ರೆಸಿನ್ ತನ್ನದೇ ಕಾವಿಗೆ ಬಿಸಿಯೇರಿ ಬಿರಿಯುತ್ತದೆ, ಆದ್ದರಿಂದ ಕಂತುಗಳಲ್ಲಿ ಹಾಕಬೇಕು. ನಮ್ಮ ಬಯಲುಸೀಮೆಯ ಏಪ್ರಿಲ್ ಬಿಸಿಲಿನಲ್ಲಾದರೆ ರೆಸಿನ್ ಗಟ್ಟಿಯಾಗಿಸುವ ಹಾರ್ಡ್‌ನರ್ ಅನ್ನು ಕೈ ಬಿಗಿಹಿಡಿದು ಹಾಕಬೇಕು, ಇಲ್ಲವಾದರೆ ಬ್ರಷ್ಷು ಡಬ್ಬಿಯಲ್ಲೇ ಕಲ್ಲಾಗುತ್ತದೆ. ಹಾಳೆ ಗಟ್ಟಿಯಾದ ಮೇಲೆ ರಟ್ಟಿನ ಅಚ್ಚಿಟ್ಟು ಗೆರೆ ಎಳೆದು ಜಿಗ್‌ಸಾದಲ್ಲಿ ಕತ್ತರಿಸುವುದು. ಇಲ್ಲಿಯವರೆಗೆ ಯಾರಾದರೂ ಮಾಡಿಯಾರು.

ಕೈಚಳಕ ಬೇಕಾಗುವುದು ಮುಂದೆ. ಅಂಚಿನ ಸುತ್ತ ನಟ್ಟನಡುವೆ ಒಂದು ಗೆರೆ ಎಳೆದುಕೊಂಡು, ಗ್ರೈಂಡರಿಗೆ ಉಜ್ಜುವ ಬಿಲ್ಲೆ ಹಾಕಿ ಎರಡೂ ಮಗ್ಗುಲಿನಿಂದ ಆ ಗೆರೆಯತ್ತ ಸವೆಸುತ್ತ ಬರಬೇಕು. ಸವೆದಂತೆಲ್ಲ ಒಳಗಿನ ಪದರಗಳು ಒಂದೊಂದಾಗಿ ಮೇಲಕ್ಕೆ ಕಾಣಿಸಿಕೊಳ್ಳುತ್ತವೆ, ಭೂಪಟದಲ್ಲಿ ಗುಡ್ಡದ ಎತ್ತರ ತೋರಿಸುವ ಸುತ್ತುಗೆರೆಗಳ ಹಾಗೆ. ಎರಡು ಮಗ್ಗುಲಿನ ಗೆರೆಗಳು ಒಂದಕ್ಕೊಂದು ಹೊಂದಿದರೆ ಆಕಾರ ಸರಿ, ಎಲ್ಲಾದರೂ ಸೊಟ್ಟಗಾದರೆ ಅಲ್ಲಿ ಕೈ ಭಾರವಾಗಿದೆ ಎಂದರ್ಥ. ಪ್ಲೈವುಡ್ಡಿನಲ್ಲಿ ಪದರಗಳ ಬಣ್ಣ ಬೇರೆಬೇರೆ ಇರುವುದರಿಂದ ಇದು ಇನ್ನೂ ಸ್ಪಷ್ಟ. ಹೊಸಬರಿಗೆ ಮರದಿಂದಲೇ ಶುರು ಮಾಡಲು ಹೇಳುವುದು ಇದಕ್ಕೇ. ಅಡ್ಡಕೊಯ್ತದ ಅಳತೆಗೆ ಅಮೆರಿಕದ ವಿಮಾನ ಸಂಶೋಧನಾ ಸಂಸ್ಥೆ ನಾಕಾ 1933ರಲ್ಲಿ ವಿಮಾನದ ರೆಕ್ಕೆಗಳಿಗಾಗಿ ಪ್ರಕಟಿಸಿದ ಕೋಷ್ಟಕಗಳನ್ನು ಇಂದಿಗೂ ನೋಡುವವರಿದ್ದಾರೆ. ಅದರ ನಾಲ್ಕಂಕಿ ಸರಣಿಯಲ್ಲಿ ಅತಿ ದಪ್ಪದ ಜಾಗ ಮುಂದಂಚಿನಿಂದ ಒಟ್ಟು ಅಗಲದ 30% ದೂರಕ್ಕೆ ಬರುತ್ತದೆ. ಕೊನೆಯ ಕೆಲಸ ಹಿಂದಂಚಿನದು. ಅದು ಮೊಂಡಾಗಿ ಉಳಿದರೆ ನೀರು ಸುಳಿಸುಳಿಯಾಗಿ ಕಳಚಿಕೊಂಡು ಫಿನ್ ಗುಂಯ್‌ಗುಟ್ಟುತ್ತದೆ. ಸವಾರನಿಗೆ ಅದು ಕಾಲಡಿಯಲ್ಲೇ ಗೊತ್ತಾಗುತ್ತದೆ. ಗಾಳಿಯಂತ್ರದ ಸದ್ದಿನಲ್ಲೂ ದೊಡ್ಡ ಪಾಲು ಹಿಂದಂಚಿನದೇ. ಅದನ್ನು ತಗ್ಗಿಸಲು ಈಗ ರೆಕ್ಕೆಗಳಿಗೆ ಗರಗಸದ ಹಲ್ಲಿನಂಥ ಪಟ್ಟಿ ಅಂಟಿಸುತ್ತಾರೆ. ಹಾಂ, ಗಾಜಿನ ನಾರಿನ ದೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ಮೂಗಿಗೆ ಕರವಸ್ತ್ರ ಕಟ್ಟಿಕೊಂಡರೆ ಸಾಲದು, ಒಳ್ಳೆಯ ಮಾಸ್ಕ್ ಬೇಕೇ ಬೇಕು.

ಫಿನ್ ವಿನ್ಯಾಸದ ಇಡೀ ಕ್ಷೇತ್ರವನ್ನು ತಿರುಗಿಸಿದ ಒಬ್ಬನೇ ವ್ಯಕ್ತಿಯನ್ನು ಹೆಸರಿಸಿ ಎಂದರೆ ನಾನು ಜಾರ್ಜ್ ಗ್ರೀನೋ ಎನ್ನುತ್ತೇನೆ. ಸಾಂಟಾ ಬಾರ್ಬರಾದ ಈತ ಸ್ಪರ್ಧೆಗಳ ಮನುಷ್ಯನಲ್ಲ. 1960ರ ದಶಕದವರೆಗೆ ಫಿನ್ ಎಂದರೆ ಅಗಲವಾದ, ಬಾಗದ ಹಲಗೆ. ಟ್ಯೂನಾ ಮೀನಿನ ಬಾಲ ನೋಡಿ ಗ್ರೀನೋ ಬುಡ ಗಟ್ಟಿ, ತುದಿ ತೆಳು ಇರುವ, ಹಿಂದಕ್ಕೆ ಬಾಗಿದ ಕಿರಿದಾದ ಫಿನ್ ಕೆತ್ತಿದ. ತಿರುವಿನಲ್ಲಿ ಅದು ಬಾಗುತ್ತದೆ, ಬಾಗಿದ್ದು ಮತ್ತೆ ನೆಟ್ಟಗಾಗುವಾಗ ಬೋರ್ಡನ್ನು ಮುಂದಕ್ಕೆ ತಳ್ಳುತ್ತದೆ. 1966ರಲ್ಲಿ ಸ್ಯಾನ್ ಡಿಯಾಗೋದ ವಿಶ್ವ ಸ್ಪರ್ಧೆಯನ್ನು ಆಸ್ಟ್ರೇಲಿಯಾದ ನ್ಯಾಟ್ ಯಂಗ್ ಗೆದ್ದದ್ದು ಇಂಥ ಫಿನ್ನಿದ್ದ ಬೋರ್ಡಿನ ಮೇಲೆ.

ಆಮೇಲಿನ ಹದಿನೈದು ವರ್ಷ ಫಿನ್ ಎಷ್ಟಿರಬೇಕು ಎಂಬುದರ ಸುತ್ತಲೇ ಓಡಿದವು. ಎರಡು ಫಿನ್ನಿನ ಬೋರ್ಡಿನಲ್ಲಿ ಮಾರ್ಕ್ ರಿಚರ್ಡ್ಸ್ 1979ರಿಂದ 1982ರವರೆಗೆ ಸತತ ನಾಲ್ಕು ವಿಶ್ವ ಪಟ್ಟ ಗೆದ್ದ. ಆ ಎರಡರ ಜಾರುವಿಕೆ ತನ್ನ ದೊಡ್ಡ ಮೈಗೆ ಒಗ್ಗದೆ ಸೈಮನ್ ಆಂಡರ್ಸನ್ 1980ರ ಕೊನೆಗೆ ಮೂರು ಫಿನ್ ಹಾಕಿದ. ಮರುವರ್ಷ ಬೆಲ್ಸ್ ಬೀಚಿನ ಭಾರೀ ಅಲೆಗಳಲ್ಲಿ ಅದರ ಮೇಲೇ ಸ್ಪರ್ಧೆ ಗೆದ್ದ. ಪೇಟೆಂಟ್ ಮಾಡಿಸಲಿಲ್ಲ. ಹಾಗಾಗಿ ಅವನ ಮೂರು ಫಿನ್ನಿನ ವಿನ್ಯಾಸವನ್ನು ಜಗತ್ತಿನ ಯಾವ ಶೆಡ್ಡಿನಲ್ಲಾದರೂ ಯಾರು ಬೇಕಾದರೂ ನಕಲಿಸಬಹುದಾಗಿತ್ತು, ನಕಲಿಸಿದರು ಕೂಡ. ಮನೆಯಲ್ಲೇ ಫಿನ್ ಮಾಡುವವರಿಗೆ ಇದರಿಂದ ಕಷ್ಟ ಹೆಚ್ಚಿತು ಎನ್ನಬೇಕು: ಪಕ್ಕದ ಫಿನ್‌ಗಳ ಒಳಮಗ್ಗುಲು ಚಪ್ಪಟೆ, ಹೊರಮಗ್ಗುಲು ಮಾತ್ರ ಉಬ್ಬು, ಮೂತಿ ತುಸು ಒಳಕ್ಕೆ, ಮೈ ತುಸು ಹೊರವಾಲು. ಎಡ ಬಲ ಒಂದರ ಪ್ರತಿಬಿಂಬ ಇನ್ನೊಂದಾಗದಿದ್ದರೆ ಬೋರ್ಡ್ ಒಂದೇ ಕಡೆಗೆ ಎಳೆಯುತ್ತದೆ.

1990ರ ದಶಕದಲ್ಲಿ ಆಸ್ಟ್ರೇಲಿಯಾದ ಎಫ್‌ಸಿಎಸ್ ಮುಂತಾದ ಕಂಪನಿಗಳು ಕಳಚಿ ಹಾಕುವ ಚಿಕ್ಕ ಫಿನ್‌ಗಳನ್ನು ಮಾರುಕಟ್ಟೆಗೆ ತಂದವು. ಅಚ್ಚಿನಲ್ಲಿ ಎರಕ ಹೊಯ್ದ ಪ್ಲಾಸ್ಟಿಕ್ ಫಿನ್ ಅಗ್ಗವಾಯಿತು. ಕೈಕೆಲಸ ಇದರಿಂದ ಸತ್ತಿತು ಎಂದು ಹೇಳುವವರುಂಟು. ನನಗೆ ಹಾಗನ್ನಿಸುವುದಿಲ್ಲ. ಮೊದಲು ಬೋರ್ಡಿಗೇ ಅಂಟಿಸಿದ ಫಿನ್ ಬದಲಿಸಬೇಕೆಂದರೆ ಅದನ್ನು ಕತ್ತರಿಸಿ ತೆಗೆದು ಮತ್ತೆ ಗಾಜಿನ ಬಟ್ಟೆ ಹೊದೆಸಬೇಕಿತ್ತು. ಈಗ ಬುಡದ ನಾಲಿಗೆ ಸರಿಯಾದ ಅಳತೆಗೆ ಕೂತರೆ ಸಾಕು, ಒಂದೇ ಬೆಳಿಗ್ಗೆ ಮೂರು ಆಕಾರ ಹಾಕಿ ನೋಡಬಹುದು.

ಗಾಳಿಯ ರೆಕ್ಕೆಯ ಹಾದಿಯನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಬೆಂಗಳೂರಿನ ವಿಮಾನ ಸಂಶೋಧನಾ ಸಂಸ್ಥೆ ಎನ್‌ಎಎಲ್ 1960ರ ದಶಕದಲ್ಲೇ ನೀರೆತ್ತುವ ಡಬ್ಲ್ಯುಪಿ-2 ಗಾಳಿಯಂತ್ರ ರೂಪಿಸಿತ್ತು. 1970ರ ದಶಕದ ಕೊನೆಗೆ ಭಾರತೀಯ ವಿಜ್ಞಾನ ಸಂಸ್ಥೆಯ ಎಸ್.ಪಿ. ಗೋವಿಂದರಾಜು ಮತ್ತು ರೊದ್ದಂ ನರಸಿಂಹ ಹಾಯಿಬಟ್ಟೆ ಕಟ್ಟಿದ ಅಗ್ಗದ ರೋಟರಿನಿಂದ ನೀರೆತ್ತುವುದನ್ನು ತೋರಿಸಿದರು. ಆ ಹೊತ್ತಿಗೆ ಡೆನ್ಮಾರ್ಕಿನಲ್ಲಿ ಕ್ರಿಶ್ಚನ್ ರೀಸಾಗರ್ ಎಂಬ ಬಡಗಿ ಮನೆಯಲ್ಲೇ ಗಾಳಿಯಂತ್ರ ಮಾಡಿ ವಿದ್ಯುತ್ ಜಾಲಕ್ಕೆ ಜೋಡಿಸಿದ್ದ. ಟ್ವಿಂಡ್ ಎಂಬಲ್ಲಿಯ ಶಾಲೆಗಳ ಶಿಕ್ಷಕರು, ವಿದ್ಯಾರ್ಥಿಗಳು ಸೇರಿ 54 ಮೀಟರ್ ವ್ಯಾಸದ ಯಂತ್ರಕ್ಕೆ ಗಾಜಿನ ನಾರಿನ ರೆಕ್ಕೆಗಳನ್ನು ತಾವೇ ಮಾಡಿ 1978ರಲ್ಲಿ ತಿರುಗಿಸಿದರು. ಡೆನ್ಮಾರ್ಕಿನ ಉದ್ಯಮ ಬೆಳೆದದ್ದು ಇಂಥವರ ಅನುಭವದ ಮೇಲೆ. ಆದರೆ ರೆಕ್ಕೆ ಉದ್ದವಾದಷ್ಟೂ ಸೋಲಿನ ಬೆಲೆ ಏರಿತು. ಫಿನ್ ಮುರಿದರೆ ಸವಾರ ಈಜಿಕೊಂಡು ದಡಕ್ಕೆ ಬರುತ್ತಾನೆ, ಗೋಪುರದ ಮೇಲೆ ರೆಕ್ಕೆ ಮುರಿದರೆ ಹಾಗಲ್ಲ. ಒಂದು ಹಿತ್ತಲಲ್ಲಿ ಉಳಿದು ಇನ್ನೊಂದು ಕಾರ್ಖಾನೆಗೆ ಹೋಗಲು ನನಗೆ ಕಾಣುವ ದೊಡ್ಡ ಕಾರಣ ಇದೇ. ಈಕ್ವೆಡಾರಿನ ಹಗುರ ಬಾಲ್ಸಾ ಮರ ಮಾತ್ರ ಎರಡೂ ಕಡೆ ದುಡಿದಿದೆ: 1950ರ ಆಸುಪಾಸಿನ ಬೋರ್ಡುಗಳ ಮೈಯಾಗಿ, ಇಂದಿನ ರೆಕ್ಕೆಗಳ ತಿರುಳಾಗಿ.

ಇತ್ತೀಚೆಗೆ ಫಿನ್ ಮಾಡುವವರಿಗೂ ರೆಕ್ಕೆ ಮಾಡುವವರಿಗೂ ಒಬ್ಬನೇ ಗುರು ಸಿಕ್ಕಿದ್ದಾನೆ, ಗೂನು ತಿಮಿಂಗಿಲ. ಅದರ ಈಜುರೆಕ್ಕೆಯ ಮುಂದಂಚಿನಲ್ಲಿ ಸಾಲು ಗುಬುಟುಗಳಿವೆ. ಫ್ರಾಂಕ್ ಫಿಶ್ ಮತ್ತು ಸಂಗಡಿಗರು 2004ರಲ್ಲಿ ಅದರ ಮಾದರಿಯನ್ನು ಗಾಳಿಸುರಂಗದಲ್ಲಿಟ್ಟು ನೋಡಿದಾಗ, ನುಣುಪು ಅಂಚಿನದಕ್ಕಿಂತ ಸುಮಾರು 40% ಹೆಚ್ಚು ಓರೆ ಕೋನದವರೆಗೆ ಅದು ಗಾಳಿಯ ಹಿಡಿತ ಬಿಡಲಿಲ್ಲ. ಅಲ್ಲಿಂದಾಚೆ ಗುಬುಟಿನ ಫಿನ್‌ಗಳೂ ಬಂದವು, ರೆಕ್ಕೆಗಳ ಪ್ರಯೋಗಗಳೂ ನಡೆದವು. ಕೈಯಲ್ಲಿ ಇಂಥ ಅಂಚು ಕೆತ್ತುವುದು ತಲೆನೋವು, 3ಡಿ ಪ್ರಿಂಟರಿಗೆ ಸಲೀಸು. ಆದರೆ ಬರೀ ಪ್ರಿಂಟ್ ಮಾಡಿದ ಫಿನ್ ಬುಡದಲ್ಲಿ ಪದರ ಬಿಟ್ಟು ಮುರಿಯುವುದು ಸುಲಭ, ಮೇಲೆ ಗಾಜಿನ ಬಟ್ಟೆ ಹೊದೆಸುವುದು ಕ್ಷೇಮ.

ನಮ್ಮ ಕರಾವಳಿಗೆ ಸರ್ಫಿಂಗ್ ವಿದ್ಯೆ ತಡವಾಗಿ ಬಂತು. ಮೂಲ್ಕಿಯಲ್ಲಿ ಜ್ಯಾಕ್ ಹೆಬ್ನರ್ ಎಂಬ ಅಮೆರಿಕನ್ ಸನ್ಯಾಸಿಯ ಆಶ್ರಮದಲ್ಲಿ 2004ರಲ್ಲಿ ಮಂತ್ರ ಸರ್ಫ್ ಕ್ಲಬ್ ಹುಟ್ಟಿತು. ಮಣಿಪಾಲದಲ್ಲಿ ಓದುತ್ತಿದ್ದ ಇಶಿತಾ ಮಾಳವೀಯ ಮತ್ತು ತುಷಾರ್ ಪಥಿಯನ್ ಅಲ್ಲಿ ಕಲಿತು ಉಡುಪಿ ಜಿಲ್ಲೆಯ ಕೋಡಿಬೇಂಗ್ರೆಯಲ್ಲಿ ಶಾಕಾ ಕ್ಲಬ್ ಕಟ್ಟಿದರು. ನಂದಿನಿ, ಶಾಂಭವಿ ನದಿಗಳು ಕಡಲು ಸೇರುವ ಸಸಿಹಿತ್ಲುವಿನಲ್ಲಿ 2016ರಲ್ಲಿ ಇಂಡಿಯನ್ ಓಪನ್ ಸರ್ಫಿಂಗ್ ಸ್ಪರ್ಧೆ ನಡೆಯಿತು. ಮೂಲ್ಕಿಗೆ ಹತ್ತಿರದಲ್ಲೇ, ಪಡುಬಿದ್ರಿಯ ಬಳಿ, ಗಾಳಿಯಂತ್ರದ ರೆಕ್ಕೆ ಮಾಡಲು ಸುಜ್ಲಾನ್ ಘಟಕ ತೆರೆದಿತ್ತು ಎಂಬುದನ್ನು ನಕಾಶೆಯಲ್ಲಿ ಗಮನಿಸಿದಾಗ ನನಗೆ ಸಣ್ಣ ಖುಷಿಯಾಯಿತು. ಫೈಬರ್ ದೋಣಿಗಳನ್ನು ರಿಪೇರಿ ಮಾಡುವ ಕರಾವಳಿಯ ಕೈಗಳಿಗೆ ರೆಸಿನ್ ಹೊಸದೇನಲ್ಲ.

ಚಿತ್ರದುರ್ಗದ ಹುಡುಗನೊಬ್ಬ ಫಿನ್ ಕೆತ್ತನೆಗೆ ಕೈಹಾಕಲು ಅಡ್ಡಿಯಾಗುವಂಥ ಸಾಮಾನು ಯಾವುದೂ ಇಲ್ಲ. ಪ್ಲೈವುಡ್, ಗ್ರೈಂಡರ್, ಅರ, ಸ್ಯಾಂಡ್‌ಪೇಪರ್ ಇಲ್ಲೇ ಸಿಗುತ್ತವೆ. ಪರೀಕ್ಷೆಗೆ ಮಾತ್ರ ಘಟ್ಟ ಇಳಿಯಬೇಕು. ನಮ್ಮ ವಾಣಿವಿಲಾಸ ಸಾಗರ ಜಲಾಶಯ 2022ರಲ್ಲಿ 89 ವರ್ಷದ ನಂತರ ಕೋಡಿ ಬಿದ್ದರೂ ಅದರಲ್ಲಿ ಸವಾರಿಯ ಅಲೆ ಏಳುವುದಿಲ್ಲ. ಮೊದಲಿಗೆ ಉದ್ದ ಬೋರ್ಡಿನ ನಡುವೆ ಕೂರುವ ಒಂಟಿ ಫಿನ್ ಮಾಡುವುದು ಒಳ್ಳೆಯದು. ಎರಡೂ ಮಗ್ಗುಲು ಒಂದೇ ಆಗಿರುವುದರಿಂದ ತಪ್ಪು ಬೇಗ ಕಣ್ಣಿಗೆ ಬೀಳುತ್ತದೆ. ಮಳೆಗಾಲದ ಕಡಲು ಹೊಸಬರಿಗೆ ಅಪಾಯ, ಅಕ್ಟೋಬರ್ ಕಳೆದ ಮೇಲೆ ಹೊರಡಬೇಕು. ಅಂಗಡಿಯ ಫಿನ್ ಒಂದನ್ನೂ ಚೀಲದಲ್ಲಿ ಇಟ್ಟುಕೊಂಡಿದ್ದರೆ ಒಂದೇ ಅಲೆಸಾಲಿನಲ್ಲಿ ಎರಡನ್ನೂ ಹಾಕಿ ತಾಳೆ ನೋಡಬಹುದು.