ಕ್ಲಸ್ಟರಿನ ಕೀಲಿ ಯಾರ ಕೈಯಲ್ಲಿ?

ಮುಂಬೈಯ ಕಂಪನಿಗಳು ತಮ್ಮ ಕುಬರ್ನೆಟೀಸ್ ಕ್ಲಸ್ಟರನ್ನು ಹೊರಗಿನ ಡಿಪ್ಲಾಯ್‌ಮೆಂಟ್ ಪ್ಲಾಟ್‌ಫಾರ್ಮಿಗೆ ಜೋಡಿಸಿಕೊಳ್ಳುವ ಬಗೆ ಹತ್ತು ವರ್ಷಗಳಲ್ಲಿ ಪೂರ್ತಿ ತಿರುವುಮುರುವಾಗಿದೆ. ಕಂಟೇನರ್‌ಗಳನ್ನು ನಡೆಸುವ ತಂತ್ರಾಂಶವಾದ ಕುಬರ್ನೆಟೀಸನ್ನು 2014ರಲ್ಲಿ ಗೂಗಲ್ ಸಾರ್ವಜನಿಕರಿಗೆ ಬಿಟ್ಟುಕೊಟ್ಟಿತು, ಮರುವರ್ಷ 1.0 ಆವೃತ್ತಿ ಬಂತು. ಸಮುದ್ರದಡಿಯ ಕೇಬಲ್‌ಗಳು ದಡ ಸೇರುವ ಈ ಊರಿಗೆ ಕ್ಲೌಡ್ ಕಂಪನಿಗಳೂ ಬಂದವು: 2015ರಲ್ಲಿ ಮೈಕ್ರೋಸಾಫ್ಟ್, 2016ರಲ್ಲಿ ಅಮೆಜಾನ್, 2017ರಲ್ಲಿ ಗೂಗಲ್.

ಆಗಿನ ಜೋಡಣೆ ಸರಳವಾಗಿತ್ತು, ಅಷ್ಟೇ ಅಪಾಯಕಾರಿಯೂ ಆಗಿತ್ತು. ಕ್ಲಸ್ಟರಿನಲ್ಲಿ ಒಂದು ಸರ್ವಿಸ್ ಅಕೌಂಟ್ ತೆರೆಯುವುದು, ಅದಕ್ಕೆ ಕ್ಲಸ್ಟರ್-ಅಡ್ಮಿನ್ ಹಕ್ಕು ಕೊಡುವುದು, ಅದರ ಟೋಕನ್ನನ್ನು ಪ್ಲಾಟ್‌ಫಾರ್ಮಿನ ಪುಟದಲ್ಲಿ ಅಂಟಿಸುವುದು. ಆ ಟೋಕನ್ನಿಗೆ ಅವಧಿಯೇ ಇರಲಿಲ್ಲ. ಪ್ಲಾಟ್‌ಫಾರ್ಮ್ ಒಳಗೆ ಬರಬೇಕೆಂದರೆ ಎಪಿಐ ಸರ್ವರ್ ಇಂಟರ್‌ನೆಟ್ಟಿಗೆ ತೆರೆದಿರಬೇಕಿತ್ತು.

2018ರ ಏಪ್ರಿಲ್‌ನಲ್ಲಿ ರಿಸರ್ವ್ ಬ್ಯಾಂಕ್, ಪಾವತಿಯ ದತ್ತಾಂಶ ಭಾರತದಲ್ಲೇ ಇರಬೇಕೆಂದು ಸುತ್ತೋಲೆ ಹೊರಡಿಸಿತು. ನನಗೆ ಮುಖ್ಯವೆನಿಸುವುದು ಅದರಾಚೆಯ ಪ್ರಶ್ನೆ. ದತ್ತಾಂಶ ನವಿ ಮುಂಬೈಯ ಐರೋಲಿಯಲ್ಲೇ ಇದ್ದರೂ, ಅದನ್ನು ಓದಬಲ್ಲ, ಅಳಿಸಬಲ್ಲ ಟೋಕನ್ ಇನ್ನಾವುದೋ ದೇಶದ ಸರ್ವರಿನಲ್ಲಿದ್ದರೆ ಆ ರಕ್ಷಣೆಗೆ ಏನರ್ಥ?

ಉತ್ತರ ಬಂದದ್ದು ಬೇರೆ ದಾರಿಯಿಂದ. ಸುತ್ತೋಲೆಗೂ ಒಂದು ವರ್ಷ ಮುಂಚೆ, 2017ರಲ್ಲಿ, ವೀವ್‌ವರ್ಕ್ಸ್ ಕಂಪನಿ ಗಿಟ್‌ಆಪ್ಸ್ ಎಂಬ ಹೆಸರನ್ನು ಬಳಕೆಗೆ ತಂದಿತು. ಏನು ಓಡಬೇಕೆಂಬುದನ್ನು ಗಿಟ್‌ನಲ್ಲಿ ಬರೆದಿಡಿ. ಕ್ಲಸ್ಟರಿನೊಳಗಿನ ಏಜೆಂಟೇ ಹೊರಗೆ ಹೋಗಿ ಅದನ್ನು ಓದಿಕೊಂಡು ಬರಲಿ. ಫ್ಲಕ್ಸ್, ಆರ್ಗೊ ಸಿಡಿ ಎಂಬ ಸಾಧನಗಳು ಬೆಳೆದದ್ದು ಹೀಗೆ. 2021ರಲ್ಲಿ ಗಿಟ್‌ಲ್ಯಾಬ್ ಕೂಡ ಸರ್ಟಿಫಿಕೇಟ್ ಕೊಟ್ಟು ಜೋಡಿಸುವ ಹಳೆಯ ಕ್ರಮವನ್ನು ಬದಿಗಿಟ್ಟು ಏಜೆಂಟಿನ ದಾರಿ ಹಿಡಿಯಿತು. ಮರುವರ್ಷ ಕುಬರ್ನೆಟೀಸ್ 1.24, ಅವಧಿಯಿಲ್ಲದ ಟೋಕನ್‌ಗಳನ್ನು ತಾನಾಗಿ ಸೃಷ್ಟಿಸುವುದನ್ನು ನಿಲ್ಲಿಸಿತು.

ಈಗ ಜೋಡಣೆಯೆಂದರೆ ಕುಬರ್ನೆಟೀಸಿನ ಪ್ಯಾಕೇಜ್ ಸಾಧನ ಹೆಲ್ಮ್‌ನ ಒಂದು ಆಜ್ಞೆ. ಏಜೆಂಟ್ ಪಾಡ್ ಎದ್ದು, ಒಳಗಿನಿಂದ 443ನೇ ಪೋರ್ಟಿನ ಮೂಲಕ ಪ್ಲಾಟ್‌ಫಾರ್ಮನ್ನು ತಲುಪುತ್ತದೆ. ಒಳಬರುವ ಬಾಗಿಲು ಒಂದೂ ತೆರೆಯಬೇಕಿಲ್ಲ. ಆದರೂ ಆ ಆಜ್ಞೆಯೊಡನೆ ಬರುವ, ಏಜೆಂಟಿನ ಹಕ್ಕುಗಳನ್ನು ಹೇಳುವ ಆರ್‌ಬಿಎಸಿ ಕಡತವನ್ನು ಬಿಚ್ಚಿ ನೋಡಲೇಬೇಕು. ಇಡೀ ಕ್ಲಸ್ಟರಿಗೆ ಅನ್ವಯಿಸುವ ನಿಯಮದಲ್ಲಿ ಎಪಿಐಗ್ರೂಪ್ಸ್, ರಿಸೋರ್ಸಸ್, ವರ್ಬ್ಸ್ ಮೂರರ ಎದುರೂ ನಕ್ಷತ್ರ ಚಿಹ್ನೆಯಿದ್ದರೆ ಏಜೆಂಟಿನ ಕೈಗೆ ಇಡೀ ಕ್ಲಸ್ಟರ್ ಹೋದಂತೆ. ಕೀಲಿಯನ್ನು ಒಳಗಿಟ್ಟುಕೊಂಡೂ ಪ್ರಯೋಜನವಿಲ್ಲ. ಒಂದೇ ನೇಮ್‌ಸ್ಪೇಸಿಗೆ ಸೀಮಿತವಾದ ಹಕ್ಕು ಬಹುಪಾಲು ತಂಡಗಳಿಗೆ ಸಾಕು.

ಡಿಪ್ಲಾಯ್‌ಮೆಂಟ್ ಮಾತ್ರವಲ್ಲ, ಕ್ಲಸ್ಟರನ್ನೂ ತಾವೇ ಸಾಕುವುದು ದೊಡ್ಡವರಿಗೂ ಭಾರವಾಯಿತು. ಮುಂಬೈಯ ಹಾಟ್‌ಸ್ಟಾರ್, ಕೋಟಿಗಟ್ಟಲೆ ಜನ ಒಟ್ಟಿಗೆ ಕ್ರಿಕೆಟ್ ನೋಡುತ್ತಿದ್ದ ತಾಣ, ಸ್ವಂತ ನಿರ್ವಹಣೆಯ ಕ್ಲಸ್ಟರ್‌ಗಳಿಂದ ಅಮೆಜಾನೇ ನಿರ್ವಹಿಸುವ ಕುಬರ್ನೆಟೀಸ್ ಸೇವೆ ಇಕೆಎಸ್‌ಗೆ ಸರಿಯಿತು.

ಇಂಥ ಹೊರಗಿನ ಅವಲಂಬನೆಗೂ ನಿಯಮಗಳಿವೆ. 2023ರಲ್ಲಿ ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸಿನ ಷೇರು ಮಾರುಕಟ್ಟೆ ನಿಯಂತ್ರಕ ಸೆಬಿ ಕ್ಲೌಡ್ ಬಳಕೆಗೆ, ರಿಸರ್ವ್ ಬ್ಯಾಂಕ್ ಐಟಿ ಹೊರಗುತ್ತಿಗೆಗೆ ನಿಯಮ ತಂದವು. ಸೇವೆ ಕೊಡುವವರನ್ನು ಬಿಟ್ಟು ಹೊರಬರುವ ಯೋಜನೆಯನ್ನೂ ಅವು ಕೇಳುತ್ತವೆ. ಇದನ್ನು ಕಾಗದದಲ್ಲಿ ಬರೆದರೆ ಸಾಲದು. ಪರೀಕ್ಷಾ ಕ್ಲಸ್ಟರಿನಲ್ಲಿ ಏಜೆಂಟನ್ನು ಅಳಿಸಿ ನೋಡಬೇಕು: ಪಾಡ್‌ಗಳು ಓಡುತ್ತಲೇ ಇರಬೇಕು, ಮುಂದಿನ ಆವೃತ್ತಿಯನ್ನು ಗಿಟ್‌ನಲ್ಲಿರುವ ಕಡತಗಳಿಂದ ಕುಬರ್ನೆಟೀಸಿನ ಆಜ್ಞಾ ಸಾಧನ ಕುಬ್‌ಸಿಟಿಎಲ್ ಒಂದರಿಂದಲೇ ಏರಿಸಲು ಬರಬೇಕು.